ದಡದಲ್ಲಿ ಆರು ತಾಸು

"ನಗು ತಂಗಿ. ಫೋಟೋ ತೆಗಿಯಾಕತ್ತಾರ."

ನಕ್ಕೆ.

ಬೆನ್ನಿಗೆ ಚಾಕು ಒತ್ತಿರುವಾಗ ನಗುವುದು ಅಂಥ ಕಷ್ಟವೇನಲ್ಲ. ತುಟಿ ಹಿಗ್ಗಿಸಿದರೆ ಸಾಕು. ಕಷ್ಟವೆಂದರೆ ಉಸಿರಾಡುವುದು.

ಪುದುಚೇರಿಯ ಹಳದಿ ಗೋಡೆ. ಅದರಲ್ಲೊಂದು ಮುಚ್ಚಿದ ಗಾಜಿನ ಕಿಟಕಿ. ಮೇಲಿಂದ ಇಳಿಬಿದ್ದ ಕಾಗದದ ಹೂವಿನ ಬಳ್ಳಿ. ಮಧ್ಯಾಹ್ನ ಎರಡೂಕಾಲು. ಎದುರಿಗೆ ಬೇಗಂ ಬಜಾರಿನ ಅಂಬವ್ವ ಮೊಬೈಲನ್ನು ಎರಡೂ ಕೈಯಲ್ಲಿ ಆರತಿ ತಟ್ಟೆಯಂತೆ ಹಿಡಿದು ನಿಂತಿದ್ದಳು. ನನ್ನ ಪಕ್ಕದಲ್ಲಿ ವೈಜನಾಥ ಕಾಕಾ. ವಯಸ್ಸು ಅರವತ್ತರ ಆಸುಪಾಸು. ತಲೆಗೆ ಹಳದಿ ಟೋಪಿ. ಕೊರಳಲ್ಲಿ ಹಡಗಿನ ಕಾರ್ಡು. ಒಂದು ಕೈ ನನ್ನ ಹೆಗಲ ಮೇಲೆ, ಒಡಹುಟ್ಟಿದವನ ಹಾಗೆ.

ಇನ್ನೊಂದು ಕೈ ನನ್ನ ಬೆನ್ನ ಹಿಂದೆ.

"ಇನ್ನೊಂದು ತೆಗೀತೀನಿ ಇರ್ರಿ," ಅಂದಳು ಅಂಬವ್ವ. "ಇದರಾಗ ಸುವರ್ಣಾನ ಕಣ್ಣು ಮುಚ್ಯಾವ."

ಇನ್ನೊಂದು ತೆಗೆದಳು. ನೋಡಿದಳು. ಮೊಬೈಲನ್ನು ಸೆರಗಿನಲ್ಲಿ ಒರೆಸಿಕೊಂಡಳು.

"ಗುಂಪು ಬೀಚಿಗೆ ಹೊಂಟೈತಿ. ಬರ್ರಿ."

"ನೀವು ನಡೀರಿ ಅವ್ವಾರ. ನಾವು ಹಿಂದಿಂದ ಬರ್ತೀವಿ," ಅಂದ ಕಾಕಾ.

ಅವಳು ಹೋದಳು. ಹಳದಿ ಟೋಪಿಗಳ ಸಾಲು ಬೀದಿಯ ತಿರುವಿನಲ್ಲಿ ಮರೆಯಾಯಿತು. ಬೀದಿ ಖಾಲಿ.

"ನೀ ಕಳಿಸಿದ ಮನಿಗೆ ಹೋಗಿದ್ದೆ," ಅಂದ ಕಾಕಾ. ದನಿ ಏರಲಿಲ್ಲ. "ಬಾಗಲಾ ತೆರದೈತಿ. ಒಲಿ ಮ್ಯಾಲಿನ ಚಾ ಇನ್ನೂ ಬಿಸಿ ಐತಿ. ಮನಷ್ಯಾ ಎಲ್ಲಿ?"

"ಯಾವ ಮನಷ್ಯಾ?"

ಚಾಕು ಕುಬುಸದ ಬಟ್ಟೆ ದಾಟಿತು. ಚರ್ಮದವರೆಗೆ ಬಂದು ನಿಂತಿತು.

"ನಾಕೂವರಿಗೆ ಕಡೀ ದೋಣಿ ಐತಿ ತಂಗಿ. ನನಗ ಟೈಮಿಲ್ಲ."

ಇದನ್ನು ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನಾನು ಜಾಣೆ ಎಂಬ ತಪ್ಪು ಕಲ್ಪನೆ ನಿಮಗೆ ಬಂದೀತು.

ನನ್ನ ಹೆಸರು ಸುವರ್ಣಾ. ಹುಟ್ಟಿದ್ದು ಭಾಲ್ಕಿ. ಬೆಳೆದದ್ದು, ಕೆಟ್ಟದ್ದು ಎರಡೂ ಹೈದರಾಬಾದಿನಲ್ಲಿ. ಹದಿನಾಲ್ಕು ವರ್ಷ ಒಂದು ರಕ್ಷಣಾ ಕಾರ್ಖಾನೆಯ ಗೇಟಿನಲ್ಲಿ ಹೆಂಗಸರ ಚೀಲ ತಪಾಸಣೆ ಮಾಡಿದೆ. ಒಬ್ಬರು ನಿಂತ ಭಂಗಿ ನೋಡಿಯೇ ಚೀಲದಲ್ಲಿ ಏನೋ ಇದೆ ಎಂದು ಹೇಳುತ್ತಿದ್ದೆ. ಆ ಹೆಮ್ಮೆಯ ಮೇಲೆ ಕೆಲಸ ಬಿಟ್ಟು ನಾರಾಯಣಗೂಡದಲ್ಲಿ ಸ್ವಂತ ಆಫೀಸು ತೆರೆದೆ. ಮದುವೆಗೆ ಮುಂಚೆ ಗಂಡಿನ ವಿಚಾರಣೆ. ಮದುವೆಯಾದ ಮೇಲೆ ಗಂಡನ ವಿಚಾರಣೆ. ಕೆಳಗಿನ ಮಹಡಿಯಲ್ಲಿ ಕೋಚಿಂಗ್ ಸೆಂಟರು. ಹುಡುಗರು ದಿನವಿಡೀ ನ್ಯೂಟನ್ನನ ನಿಯಮ ಒದರುತ್ತಿರುತ್ತಾರೆ.

ಜೂನ್ ತಿಂಗಳ ಒಂದು ಸೋಮವಾರ ಆ ಹೆಂಗಸು ಬಂದಳು.

ಮೂವತ್ತೆರಡರ ವಯಸ್ಸು. ಬಿಳಿಚಿದ ನೂಲಿನ ಸೀರೆ. ಹಣೆ ಬರಿದು. ಕೈ ಬರಿದು.

"ನನ್ನ ಹೆಸರು ಮಾನಸಾ ರಿ. ನನ್ನ ಗಂಡ ತೀರಿಕೊಂಡು ಮೂರು ವರ್ಷಾತು," ಅಂದಳು. "ಮೊನ್ನೆ ಅವರನ್ನ ನೋಡಿದೆ."

ಕುರ್ಚಿ ಎಳೆದುಕೊಟ್ಟೆ.

ಗಂಡನ ಹೆಸರು ಶರಣಕುಮಾರ. ಕೊಂಡಾಪುರದ ಒಬ್ಬ ಬಿಲ್ಡರ್ ಹತ್ತಿರ ಡ್ರೈವರ್. ಮೂರು ವರ್ಷದ ಹಿಂದೆ ಒಂದು ಬೆಳಗಿನ ಜಾವ ಬಿಲ್ಡರನ ಕಾರು ಯಾದಮ್ಮ ಎಂಬ ಬೀದಿ ಗುಡಿಸುವ ಹೆಂಗಸಿಗೆ ಬಡಿಯಿತು. ಯಾದಮ್ಮ ಪೊರಕೆ ಹಿಡಿದುಕೊಂಡೇ ಸತ್ತಳು. ಕಾರು ಓಡಿಸುತ್ತಿದ್ದವನು ಶರಣಕುಮಾರ ಎಂದು ಆಫೀಸಿನವರು ಬರೆದುಕೊಟ್ಟರು. ಅವನು ಪರಾರಿಯಾದ. ಬಾಪಟ್ಲದ ಕಡಲ ದಂಡೆಯಲ್ಲಿ ಅವನ ಬಟ್ಟೆ, ಚಪ್ಪಲಿ, ಫೋನು ಸಿಕ್ಕವು. ಎಂಟು ದಿನದ ಮೇಲೆ ಒಂದು ಹೆಣ ಸಿಕ್ಕಿತು. ಮುಖ ಮೀನಿನ ಪಾಲಾಗಿತ್ತು. ಬಿಲ್ಡರನ ಮ್ಯಾನೇಜರ್ ಹೋಗಿ ಇವನೇ ಎಂದು ಗುರುತು ಹಿಡಿದ. ಆರೋಪಿ ಸತ್ತ. ಫೈಲು ಮುಚ್ಚಿತು.

"ಈಗ ಇದನ್ನ ನೋಡ್ರಿ."

ಮೊಬೈಲಿನಲ್ಲಿ ಯಾರೋ ಹಾಕಿದ್ದ ಸೆಲ್ಫಿ. ಪುದುಚೇರಿಯ ಜೆಟ್ಟಿ. ಕಪ್ಪು ಕನ್ನಡಕದ ದಂಪತಿ. ಅವರ ಹಿಂದೆ ಒಬ್ಬ ಗಡ್ಡದವನು, ಹಡಗಿನ ಹೆಸರು ಬರೆದ ಹಲಗೆ ಹಿಡಿದು ಪ್ರವಾಸಿಗರನ್ನು ಆಟೋ ಹತ್ತಿಸುತ್ತಿದ್ದ. ಎಡ ಹುಬ್ಬು ಅರ್ಧಕ್ಕೆ ತುಂಡಾಗಿತ್ತು. ಅವಳು ಮೇಜಿನ ಮೇಲಿಟ್ಟ ಮದುವೆ ಫೋಟೋದಲ್ಲೂ ಅದೇ ಹುಬ್ಬು. ಪಕ್ಕದಲ್ಲಿ ಹಸಿರು ಇಳಕಲ್ ಸೀರೆ ಉಟ್ಟು ಅವಳೇ ನಿಂತಿದ್ದಳು.

"ಹಡಗು ಬಂದ ದಿನ ಅಷ್ಟಽ ಕಾಣ್ತಾರಂತ. ಉಳಿದ ದಿನ ಯಾರಿಗೂ ಗೊತ್ತಿಲ್ಲ. ನೀವು ಹಡಗಿನ್ಯಾಗಽ ಹೋದ್ರ ಸಂಶಯ ಬರೂದಿಲ್ಲ. ಕೇಸು ಗೀಸು ಬ್ಯಾಡ್ರಿ. ಎಲ್ಲಿ ಅದಾರ, ಒಂದು ಲೊಕೇಶನ್ ಕಳಸ್ರಿ. ಸಾಕು."

ಅತ್ತಳು. ಚೆನ್ನಾಗಿಯೇ ಅತ್ತಳು. ಚೀಲದಿಂದ ಹಡಗಿನ ಟಿಕೆಟ್ ತೆಗೆದು ಇಟ್ಟಳು.

ಡ್ರೈವರನ ವಿಧವೆಗೆ ಹಡಗಿನ ಟಿಕೆಟ್ ಎಲ್ಲಿಂದ ಬಂತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಹೈದರಾಬಾದಿಗೆ ಸಮುದ್ರವಿಲ್ಲ. ಒಂದು ಕೆರೆಗೆ ಸಾಗರ ಎಂದು ಹೆಸರಿಟ್ಟು ಸಮಾಧಾನಪಟ್ಟುಕೊಂಡವರು ನಾವು. ಹುಸೇನ್ ಸಾಗರದ ಬೋಟು ಬಿಟ್ಟರೆ ನಾನು ಬೇರೆ ಏನನ್ನೂ ಹತ್ತಿದವಳಲ್ಲ. ಊರಿನ ಗಂಡುಗಳ ಮೂರು ತಲೆಮಾರು ಜಾಲಾಡುವ ನಾನು, ನನ್ನ ಎದುರು ಕೂತವಳ ಹೆಸರನ್ನೂ ತಾಳೆ ನೋಡಲಿಲ್ಲ.

ವಿಶಾಖಪಟ್ಟಣದಲ್ಲಿ ಹಡಗು ಹತ್ತಿದೆ.

ಹನ್ನೊಂದು ಅಂತಸ್ತು. ಕೊಂಡಾಪುರದ ಒಂದು ಅಪಾರ್ಟ್‌ಮೆಂಟನ್ನು ಎತ್ತಿ ನೀರಿನಲ್ಲಿ ಬಿಟ್ಟಂತಿತ್ತು. ಒಳಗಿನ ಜನವೂ ಅವರೇ. ಲಿಫ್ಟಿನಲ್ಲಿ ಅದೇ ಮೌನ. ತಿಂಡಿಯ ಸಾಲಿನಲ್ಲಿ ಅದೇ ತಳ್ಳಾಟ. ಎಲ್ಲರ ಕೊರಳಲ್ಲೂ ಪಟ್ಟಿಗೆ ಸಿಕ್ಕಿಸಿದ ಒಂದು ಕಾರ್ಡು. ಊರಿನಲ್ಲಿ ಇಳಿಯುವಾಗ ಅದನ್ನು ಯಂತ್ರಕ್ಕೆ ತೋರಿಸಬೇಕು... ಟಿಂಗ್. ಮರಳಿ ಹತ್ತುವಾಗ ಮತ್ತೆ ಟಿಂಗ್. ಕಾರ್ಡಿಲ್ಲದವನಿಗೆ ದೋಣಿಯೂ ಇಲ್ಲ, ಹಡಗೂ ಇಲ್ಲ.

ನನ್ನ ಟಿಕೆಟ್ ಹೈದರಾಬಾದಿನ ಒಂದು ಟೂರ್ ಗುಂಪಿನದು. ನಲವತ್ತು ಜನ, ನಲವತ್ತು ಹಳದಿ ಟೋಪಿ. ಊಟದ ಮೇಜಿನಲ್ಲಿ ನನ್ನ ಜೊತೆ ಇಬ್ಬರು. ಒಬ್ಬಳು ಅಂಬವ್ವ. ಬೇಗಂ ಬಜಾರಿನಲ್ಲಿ ಒಣಮೆಣಸಿನಕಾಯಿ ಹೋಲ್‌ಸೇಲ್ ಅಂಗಡಿ. ಗಂಡ ಹೋದ ಮೇಲೆ ಇಪ್ಪತ್ತು ವರ್ಷ ಒಬ್ಬಳೇ ನಡೆಸಿದವಳು. ಇನ್ನೊಬ್ಬ ವೈಜನಾಥ ಕಾಕಾ. ಹುಮನಾಬಾದಿನ ನಿವೃತ್ತ ಮಾಸ್ತರ ಎಂದು ಹೇಳಿಕೊಂಡ.

ಹಡಗು ಕದಲಿದ ಎರಡು ತಾಸಿಗೆ ನನ್ನ ಹೊಟ್ಟೆ ಕದಲಿತು. ಮೂರನೆಯ ಸಲ ಬಚ್ಚಲಿನಿಂದ ಹೊರಬಂದಾಗ ಕಾಕಾ ಒಂದು ತುಂಡು ಶುಂಠಿ ಬರ್ಫಿ ಹಿಡಿದು ನಿಂತಿದ್ದ.

"ಕಡಲು ಕೆಟ್ಟದ್ದಲ್ಲ ತಂಗಿ. ನಮ್ಮ ಹೊಟ್ಟಿ ಹಗರು. ಇದನ್ನ ಚಪ್ಪರಿಸು."

ಚಪ್ಪರಿಸಿದೆ. ನಿಂತಿತು. ಅವನು ಬಿಂಗೋ ಆಟದಲ್ಲಿ ಎರಡು ಸಲ ಗೆದ್ದ. ಬಹುಮಾನದ ಕಪ್ಪನ್ನು ಅಂಬವ್ವನಿಗೆ ಕೊಟ್ಟ. ಮುದುಕರಿಗೆ ಮೆಟ್ಟಿಲಲ್ಲಿ ಕೈ ಹಿಡಿದ. ಹದಿನಾಲ್ಕು ವರ್ಷ ಜನರ ಭಂಗಿ ಓದಿದ ನಾನು ಅವನನ್ನೂ ಓದಿದೆ.

ಒಳ್ಳೆಯ ಮನುಷ್ಯ ಎಂದು ತೀರ್ಮಾನಿಸಿದೆ.

ಪುದುಚೇರಿಯಲ್ಲಿ ಹಡಗು ದೂರ ಲಂಗರು ಹಾಕಿತು. ಸಣ್ಣ ದೋಣಿಗಳಲ್ಲಿ ನಮ್ಮನ್ನು ಜೆಟ್ಟಿಗೆ ತಂದು ಸುರಿದರು. ಬೆಳಿಗ್ಗೆ ಹತ್ತೂವರೆ. ಕಡೆಯ ದೋಣಿ ನಾಲ್ಕೂವರೆಗೆ. ಆರು ತಾಸಿನಲ್ಲಿ ಒಂದು ಊರು ನೋಡಿ ಮುಗಿಸಬೇಕು. ನಾನು ಒಬ್ಬ ಮನುಷ್ಯನನ್ನು ಹುಡುಕಿ ಮುಗಿಸಬೇಕು.

ಹುಡುಕುವ ಕೆಲಸವೇ ಇರಲಿಲ್ಲ. ಅವನು ಜೆಟ್ಟಿಯ ಬಾಗಿಲಲ್ಲೇ ಹಲಗೆ ಹಿಡಿದು ನಿಂತಿದ್ದ. ಗಡ್ಡ, ಟೋಪಿ, ತುಂಡು ಹುಬ್ಬು. ಆಟೋದವರೊಡನೆ ತಮಿಳು, ಪ್ರವಾಸಿಗರೊಡನೆ ಹಿಂದಿ. ನಾನು ಹತ್ತಿರ ಹೋಗಿ ನನ್ನ ಭಾಷೆಯಲ್ಲೇ ಕೇಳಿದೆ.

"ಅಣ್ಣಾರ, ಇಲ್ಲೆ ಕುಡಿಯೂ ನೀರು ಎಲ್ಲಿ ಐತ್ರಿ?"

"ಮುಂದ ಹೋಗಿ ಎಡಕ್ಕ ರೀ ಅಕ್ಕಾರ..."

ಹೇಳಿದ ಮೇಲೆ ಅವನ ಮುಖ ಕಲ್ಲಾಯಿತು. ಮೂರು ವರ್ಷ ಪೊಲೀಸರಿಂದ ತಪ್ಪಿಸಿಕೊಂಡವನು ತಾಯ್ನುಡಿಗೆ ಸಿಕ್ಕಿಬಿದ್ದಿದ್ದ.

ಹಲಗೆಯನ್ನು ಪಕ್ಕದವನ ಕೈಗೆ ಕೊಟ್ಟು ನಡೆದ. ನಾನು ಐವತ್ತು ಹೆಜ್ಜೆ ಹಿಂದೆ ನಡೆದೆ. ಎರಡು ತಾಸು ಸುತ್ತಿದ. ನಾನೂ ಸುತ್ತಿದೆ. ಮೀನು ಮಾರುಕಟ್ಟೆ ದಾಟಿ, ಒಂದು ಗಿರಣಿ ದಾಟಿ, ಮತ್ತೆ ಅದೇ ಮಾರುಕಟ್ಟೆಗೆ ಬಂದು, ಕೊನೆಗೆ ಬಲೆ ಒಣಹಾಕಿದ ಒಂದು ಓಣಿಯಲ್ಲಿ ನೀಲಿ ಬಾಗಿಲಿನ ಮನೆ ಹೊಕ್ಕ. ನಾನು ಫೋಟೋ ತೆಗೆದೆ. ಲೊಕೇಶನ್ ಕಳಿಸಿದೆ. 'ಸಿಕ್ಕರು.'

ಎರಡು ಗೆರೆ ನೀಲಿಯಾದವು. ಉತ್ತರ ಬರಲಿಲ್ಲ.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಹೋಗಿ ಐಸ್‌ಕ್ರೀಂ ತಿನ್ನಬಹುದಿತ್ತು. ಆದರೆ ಆ ಹೆಂಗಸಿನ ಬರಿದಾದ ಹಣೆ ಕಣ್ಣ ಮುಂದೆ ಬಂತು. ಇವನು ಇಲ್ಲಿ ಗಾಳಿ ತಿನ್ನುತ್ತ ಕೂತಿದ್ದಾನೆ. ಎರಡು ಮಾತು ಹೇಳಿಯೇ ಹೋಗೋಣ ಎಂದು ಬಾಗಿಲು ತಟ್ಟಿದೆ.

ತೆರೆದವನ ಕೈಯಲ್ಲಿ ಮೀನು ಕೊಯ್ಯುವ ಕತ್ತಿಯಿತ್ತು.

"ಯಾರು ಕಳಿಸ್ಯಾರ ನಿಮ್ಮನ್ನ?"

"ನಿಮ್ಮ ಹೆಂಡತಿ," ಅಂದೆ. "ಮೂರು ವರ್ಷ ಆಕಿ ಅಳಾಕತ್ತಾಳ. ನೀವು ಆಟೋ ಹತ್ತಸಾಕತ್ತೀರಿ. ನಾಚಿಕಿ ಬರೂದಿಲ್ಲೇನ್ರಿ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಕತ್ತಿ ಇಳಿಸಿದ.

"ನನ್ನ ಹೆಂಡ್ತಿ ಒಳಗ ಅದಾಳ್ರಿ. ಚಾ ಮಾಡಾಕತ್ತಾಳ."

ಒಳಗಿನಿಂದ ಒಬ್ಬ ಹೆಂಗಸು ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. ಕೈತುಂಬ ಹಸಿರು ಬಳೆ. ಹಣೆಯಲ್ಲಿ ಕಾಸಗಲ ಕುಂಕುಮ.

ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಆ ಮದುವೆ ಫೋಟೋ ತೋರಿಸಿದೆ. ಅವಳು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು.

"ಸೀರಿ ನಂದು. ಮುಖ ಇಕೀದು. ನಮ್ಮ ಫೋಟೋಕ್ಕ ತನ್ನ ಮುಖ ಕೂಡಿಸ್ಯಾಳ," ಅಂದಳು. "ಇಕಿ ಅನುರಾಧಾ. ಬಿಲ್ಡರ್ ಆಫೀಸಿನ್ಯಾಕಿ. ಇವರ ರಜಾ ಅರ್ಜಿ ಎಲ್ಲಾ ಇಕೀ ಕೈಯಾಗಽ ಹೋಗ್ತಿದ್ವು."

"ಮತ್ತ ನೀವು?"

"ಮಾನಸಾ ನಾನಽ ರೀ."

ಹೊಸ್ತಿಲ ಮೇಲೆ ಕುಳಿತೆ. ಹಡಗಿಗಿಂತ ಆ ಹೊಸ್ತಿಲೇ ಹೆಚ್ಚು ಅಲ್ಲಾಡುತ್ತಿತ್ತು.

ಅವನು ನಿಂತುಕೊಂಡೇ ಹೇಳಿದ. ಅಪಘಾತದ ಆ ಬೆಳಿಗ್ಗೆ ಅವನು ಹೈದರಾಬಾದಿನಲ್ಲೇ ಇರಲಿಲ್ಲ. ಝರಾಸಂಗಮದ ದೇವಸ್ಥಾನದಲ್ಲಿ ತಂಗಿಯ ಮಗನ ಜವಳ. ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡು ಕೂದಲು ತೆಗೆಸಬೇಕು. ಹಿಂದಿನ ದಿನವೇ ಹೋಗಿದ್ದ. ಫೋಟೋಗ್ರಾಫರ್ ತೆಗೆದ ಇಡೀ ಆಲ್ಬಂ ತಂಗಿಯ ಮನೆಯಲ್ಲಿದೆ. ಕಾರು ಓಡಿಸುತ್ತಿದ್ದವನು ಬಿಲ್ಡರನ ಮಗ ಕೌಸ್ತುಭ.

"ಮ್ಯಾನೇಜರ್ ಅಂದ, ನೀನಽ ಓಡಸಾಕತ್ತಿದ್ದೆ ಅಂತ ಒಪ್ಕೋ. ವರ್ಷೊಪ್ಪತ್ತಿನ್ಯಾಗ ಬಿಡಿಸ್ತೀವಿ. ಒಲ್ಲೆ ಅಂದೆ. ಒಪ್ಪದಿದ್ರ ಮಾನಸಾ ರಸ್ತಾ ದಾಟುವಾಗ ಹುಷಾರು ಅಂದ. ಬಟ್ಟಿ ಬಿಚ್ಚಿ ಬಾಪಟ್ಲದಾಗ ಇಟ್ಟು ಬಂದೆ. ಸತ್ತಂವನ ಹೆಂಡ್ತೀನ್ನ ಯಾರು ಹೆದರಸ್ತಾರ?"

"ಹೆಣ?"

"ಅದು ಅವರಿಗಽ ಸಿಕ್ತು. ಯಾರದೋ ಪಾಪ. ಮ್ಯಾನೇಜರ್ ಹೌದಂದ."

"ನಾನೂ ಹೌದು ಅಂದೆ ರೀ," ಅಂದಳು ಮಾನಸಾ. ತಲೆ ತಗ್ಗಿಸಲಿಲ್ಲ. "ಅಲ್ಲ ಅಂತ ಕಣ್ಣಿಗೆ ಕಾಣ್ತಿತ್ತು. ಹೌದು ಅಂದು ಎದಿ ಬಡಕೊಂಡು ಅತ್ತೆ."

ಅವಳು ಹೈದರಾಬಾದಿನಲ್ಲಿ ವಿಧವೆ. ಎರಡು ತಿಂಗಳಿಗೊಮ್ಮೆ ಇಲ್ಲಿ ಬಂದು ನಾಲ್ಕು ದಿನ ಮುತ್ತೈದೆ. ಬಳೆಗಳು ಇಲ್ಲೇ ಗೂಡಿನಲ್ಲಿರುತ್ತಿದ್ದವಂತೆ.

ಗಡಿಯಾರ ನೋಡಿದೆ. ಲೊಕೇಶನ್ ಕಳಿಸಿ ಹನ್ನೆರಡು ನಿಮಿಷವಾಗಿತ್ತು.

"ನಿಮ್ಮ ಮನಿ ನಾನು ಅವರಿಗೆ ತೋರಿಸೀನಿ," ಅಂದೆ. "ಗೊತ್ತಿಲ್ಲದ ತೋರಿಸೀನಿ. ಅದನ್ನ ಆಮ್ಯಾಲೆ ಬೈರಿ. ಈಗ ಹಿಂದಿನ ಬಾಗಲಿಂದ ಹೋಗ್ರಿ. ಬಸ್ಸು ಹಿಡದು ಚೆನ್ನೈ, ಅಲ್ಲಿಂದ ಹೈದರಾಬಾದ್. ವತ್ಸಲಾ ಅಂತ ವಕೀಲರು ಅದಾರ, ನನ್ನ ಗೆಳತಿ. ಇದು ನಂಬರು."

"ಹೈದರಾಬಾದಿಗಾ? ಅಲ್ಲೇ ಹೊಡೀತಾರ್ರಿ."

"ಸತ್ತಂವನ್ನ ಹೊಡದ್ರ ಕೇಸಿಲ್ಲ. ಬದುಕಿದ್ದಂವನ್ನ ಹೊಡದ್ರ ಕೇಸಾಕ್ಕೈತಿ. ಮೊದಲು ಕೋರ್ಟಿಗೆ ಹೋಗಿ ಬದುಕ್ರಿ."

ಮಾನಸಾ ಆಗಲೇ ಚೀಲ ತುಂಬುತ್ತಿದ್ದಳು. ಒಲೆ ಆರಿಸಲು ಯಾರಿಗೂ ನೆನಪಾಗಲಿಲ್ಲ.

ಪೊಲೀಸರಿಗೆ ಏಕೆ ಫೋನ್ ಮಾಡಲಿಲ್ಲ ಎಂದು ನೀವು ಕೇಳಬಹುದು. ಏನೆಂದು ಮಾಡಲಿ? ಮೂರು ವರ್ಷದ ಹಿಂದೆ ಸತ್ತವನ ಪ್ರಾಣಕ್ಕೆ ಅಪಾಯವಿದೆ ಎಂದೇ?

ಹೈದರಾಬಾದಿನಿಂದ ಯಾರಾದರೂ ಹೊರಟರೂ ಸಂಜೆಯಾದೀತು ಎಂದುಕೊಂಡೆ. ಅವರು ನನ್ನ ಊಟದ ಮೇಜಿನಲ್ಲೇ ಕೂತು ಬಂದಿರಬಹುದು ಎಂದು ಹೊಳೆಯಲಿಲ್ಲ. ಓಣಿಯ ಕೊನೆಯಲ್ಲಿ ಅವರಿಬ್ಬರೂ ಕಣ್ಮರೆಯಾಗುವವರೆಗೆ ನಿಂತೆ. ಒಂದಷ್ಟು ಹೊತ್ತು ಅಲ್ಲಿ ಇಲ್ಲಿ ಸುತ್ತಿ, ಯಾರೂ ಹಿಂಬಾಲಿಸುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಗುಂಪಿನಲ್ಲಿ ಇದ್ದರೆ ಕ್ಷೇಮ ಎಂದು ಹಳದಿ ಟೋಪಿಗಳನ್ನು ಹುಡುಕಿಕೊಂಡು ಹೋದೆ. ಹಳದಿ ಗೋಡೆಯ ಹತ್ತಿರ ಸಿಕ್ಕರು.

ಕಾಕಾ ಹೆಗಲ ಮೇಲೆ ಕೈ ಇಟ್ಟ.

"ನನಗ ಟೈಮಿಲ್ಲ," ಎಂದ ನೋಡಿ... ಆ ಒಂದು ಮಾತಿನಲ್ಲಿ ನನಗೆ ಅವನ ಇಡೀ ಲೆಕ್ಕಾಚಾರ ಕಂಡಿತು.

ಕೊಲೆ ಮಾಡಲು ಇಂಥವನಿಗೆ ರೈಲು ಸಾಕು, ಬಸ್ಸು ಸಾಕು. ಹಡಗೇಕೆ? ಏಕೆಂದರೆ ಹಡಗಿನ ಪ್ರವಾಸಿ ಒಂದು ಊರಿನಲ್ಲಿ ಇದ್ದೂ ಇಲ್ಲದವನು. ಬೆಳಿಗ್ಗೆ ಟಿಂಗ್, ಸಂಜೆ ಟಿಂಗ್. ಹೋಟೆಲಿನ ರಿಜಿಸ್ಟರಿನಲ್ಲಿ ಹೆಸರಿಲ್ಲ. ಹೆಣ ಸಿಗುವ ಹೊತ್ತಿಗೆ ಅವನು ನಡುಗಡಲಿನಲ್ಲಿ ಬಿಂಗೋ ಆಡುತ್ತಿರುತ್ತಾನೆ. ಅಕ್ಕಪಕ್ಕ ಮೂವತ್ತೊಂಬತ್ತು ಹಳದಿ ಟೋಪಿಗಳ ಸಾಕ್ಷಿ.

ಅಂದರೆ ಇವನನ್ನು ನಾನು ಗೆಲ್ಲಬೇಕಾಗಿಲ್ಲ. ತಡ ಮಾಡಿಸಿದರೆ ಸಾಕು.

"ಹೇಳ್ತೀನಿ," ಅಂದೆ. "ಚಾಕು ತೆಗೀರಿ. ಗಿಡಗಳ ದೊಡ್ಡ ತ್ವಾಟ ಐತಲ್ಲ, ಅಲ್ಲಿ ಕಾಯಾಕ ಹೇಳೀನಿ."

ಅವನು ನನ್ನ ಫೋನ್ ಕಸಿದುಕೊಂಡು ಆಫ್ ಮಾಡಿ ಜೇಬಿಗಿಳಿಸಿದ. ಆಟೋ ಕರೆದ. ನನ್ನನ್ನು ಒಳಗೆ ಕೂರಿಸಿ ಪಕ್ಕದಲ್ಲಿ ಕುಳಿತ. ಟವೆಲಿನ ಕೆಳಗೆ ಚಾಕು ನನ್ನ ಪಕ್ಕೆಗೆ ತಾಗಿಕೊಂಡೇ ಇತ್ತು. ಕನ್ನಡಿಯಲ್ಲಿ ನಮ್ಮನ್ನು ನೋಡಿ ಡ್ರೈವರ್ ಮುಗುಳ್ನಕ್ಕ. ವಯಸ್ಸಾದ ಮೇಲೂ ಇಷ್ಟು ಅಂಟಿಕೊಂಡು ಕೂರುವ ಜೋಡಿ ಅವನಿಗೆ ಅಪರೂಪವಾಗಿರಬೇಕು.

ತೋಟದಲ್ಲಿ ಎಲ್ಲ ಗಿಡ ನೋಡಿದೆವು. ಎರಡೂ ಮುಕ್ಕಾಲು.

"ಇಲ್ಲಂದ್ರ ಚರ್ಚಿನ್ಯಾಗ," ಅಂದೆ.

ಚರ್ಚಿನಲ್ಲಿ ಮೊಣಕಾಲೂರಿ ಕುಳಿತೆವು. ಬೇರೆಯವರೆಲ್ಲ ಹಾಗೆ ಕುಳಿತಿದ್ದರು. ಕಾಕಾ ಕೈ ಕೂಡ ಜೋಡಿಸಿದ. ಮೂರೂಕಾಲು.

"ನಿನಗ ನಾ ಶುಂಠಿ ಕೊಟ್ಟೀನಿ ತಂಗಿ," ಅಂದ ಪಿಸುಮಾತಿನಲ್ಲಿ. ನಿಜವಾಗಿಯೂ ನೊಂದಿದ್ದ. "ನಂಬಿಗಿ ಅನ್ನೂದು ಒಂದು ಇರತೈತಿ."

"ಬೀಚಿನ್ಯಾಗ ಅದಾನ. ಇದು ಖರೇ," ಅಂದೆ.

ಇದು ಕಡೆಯದು ಎಂದು ಇಬ್ಬರಿಗೂ ಗೊತ್ತಿತ್ತು.

ಅಲ್ಲಿ ಬೀಚ್ ಎಂದರೆ ಮರಳಲ್ಲ. ಉದ್ದಕ್ಕೂ ಎತ್ತರದ ಕಾಲುದಾರಿ. ಅದರ ಕೆಳಗೆ ಎಮ್ಮೆಗಳು ಮಲಗಿದಂಥ ಕರಿಯ ಬಂಡೆಗಳು. ಬಂಡೆಗೆ ಅಪ್ಪಳಿಸುವ ಅಲೆ. ದೂರದಲ್ಲಿ ನಮ್ಮ ಹಡಗು, ಬೆಳ್ಳಗೆ, ಹಾಲಿನ ಪ್ಯಾಕೆಟ್ಟಿನಂತೆ. ಕಾಕಾ ಅದನ್ನು ನೋಡಿದ. ಗಡಿಯಾರ ನೋಡಿದ. ಮೂರೂ ನಲವತ್ತು.

"ನೀ ನನ್ನ ಟೈಮ್ ತಿನ್ನಾಕತ್ತಿ."

"ಹೌದ್ರಿ ಕಾಕಾ."

ಟವೆಲ್ ಕೆಳಗೆ ಬಿತ್ತು. ನಾನು ಚಾಕುವಿನ ಕಡೆ ನೋಡಲಿಲ್ಲ. ಗೇಟಿನ ಕೆಲಸದಲ್ಲಿ ಕಲಿತದ್ದು ಅದು. ಕೈ ನೋಡಬೇಡ, ಕೊರಳು ನೋಡು. ಎರಡೂ ಕೈಯಿಂದ ಅವನ ಕೊರಳ ಪಟ್ಟಿ ಹಿಡಿದು ಜಗ್ಗಿದೆ. ಮಕ್ಕಳ ಕುತ್ತಿಗೆಗೆ ಸಿಕ್ಕೀತು ಎಂದು ಹಡಗಿನವರು ಪಟ್ಟಿಯ ಹಿಂದೆ ಒಂದು ಕ್ಲಿಪ್ ಇಟ್ಟಿರುತ್ತಾರೆ. ಟಪ್ ಎಂದು ಬಿಚ್ಚಿಕೊಂಡಿತು.

ಚಾಕು ನನ್ನ ಮುಂಗೈಯಿಂದ ಮೊಣಕೈವರೆಗೆ ಗೆರೆ ಎಳೆಯಿತು.

ನಾನು ಕಾರ್ಡನ್ನು ಬಂಡೆಗಳ ಮೇಲೆ ಎಸೆದೆ.

ಅದು ಎರಡು ಬಂಡೆಗಳ ನಡುವೆ ಹೋಗಿ ಸಿಕ್ಕಿಕೊಂಡಿತು. ಪಟ್ಟಿ ಮಾತ್ರ ಗಾಳಿಗೆ ಹಾರಾಡುತ್ತಿತ್ತು. ಕಾಕಾ ನನ್ನನ್ನು ನೋಡಿದ. ಕಾರ್ಡನ್ನು ನೋಡಿದ. ನನ್ನನ್ನು ಮುಗಿಸಲು ಒಂದು ನಿಮಿಷ ಸಾಕಿತ್ತು. ಆದರೆ ಅಲೆ ಅಷ್ಟು ಹೊತ್ತು ಕಾಯುವಂತಿರಲಿಲ್ಲ.

ಚಾಕು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂಡೆಗೆ ಇಳಿದ. ಒಂದು, ಎರಡು... ಮೂರನೆಯದರಲ್ಲಿ ಪಾಚಿ ಇತ್ತು.

ಬಿದ್ದ ಸದ್ದು ನನಗೂ ಕೇಳಿಸಿತು.

ನಾನು ಕಟ್ಟೆಯ ಮೇಲೆ ಕುಸಿದೆ. ಸೆರಗು ಸುತ್ತಿದರೂ ರಕ್ತ ನಿಲ್ಲಲಿಲ್ಲ. ಆಗ ಹಿಂದಿನಿಂದ ಬಂತು, ಬೇಗಂ ಬಜಾರಿನ ದನಿ. ಲಾರಿ ಖಾಲಿ ಮಾಡಿಸುವ ದನಿ.

"ಏ, ಬರ್ರಿ ಎಲ್ಲಾರೂ. ಕಾಕಾ ಬಿದ್ದಾರ. ಹಿಡೀರಿ ಅವರನ್ನ. ಬಿಡಬ್ಯಾಡ್ರಿ."

ಅಂಬವ್ವ. ಅವಳ ಹಿಂದೆ ಇಡೀ ಗುಂಪು.

ಅಂಥ ಉಪಕಾರವನ್ನು ನಾನು ಜನ್ಮದಲ್ಲಿ ನೋಡಿಲ್ಲ. ಎಂಟು ಜನ ಬಂಡೆಗಿಳಿದರು. ಅವನನ್ನು ಹೊತ್ತು ತಂದು ಕಾಲುದಾರಿಯ ಮೇಲೆ ಮಲಗಿಸಿದರು. "ನನಗೇನೂ ಆಗಿಲ್ಲ, ಬಿಡ್ರಿ, ದೋಣಿ..." ಎಂದು ಅವನು ಎದ್ದಾಗಲೆಲ್ಲ ಮತ್ತೆ ಮಲಗಿಸಿದರು. ಒಬ್ಬರು ಅಂಗಾಲು ತಿಕ್ಕಿದರು. ಒಬ್ಬರು ಬಾಯಿಗೆ ಗ್ಲುಕೋಸ್ ಸುರಿದರು. ಗುಂಪಿನಲ್ಲಿದ್ದ ನಿವೃತ್ತ ಕಾಂಪೌಂಡರ್ ಎದೆಯ ಮೇಲೆ ಕೈ ಒತ್ತಿ, ಬಿಪಿ ಇಳಿದಿದೆ, ಅಲ್ಲಾಡಬಾರದು ಎಂದು ಆಜ್ಞೆ ಮಾಡಿದ.

"ಅಂಗಿ ಸಡಲ ಮಾಡ್ರಿ. ಗಾಳಿ ಆಡ್ಲಿ," ಅಂದಳು ಅಂಬವ್ವ.

ಅಂಗಿ ಸಡಿಲ ಮಾಡಿದರು. ಸೊಂಟದಲ್ಲಿ ಚಾಕು. ಅಲಗ ಮೇಲೆ ನನ್ನ ರಕ್ತ.

ಕಾಲು ತಿಕ್ಕುತ್ತಿದ್ದ ಕೈಗಳು ನಿಂತವು. ಆದರೆ ಯಾರೂ ಬಿಡಲಿಲ್ಲ. ಹಿಡಿದ ಹಿಡಿತದ ಅರ್ಥ ಮಾತ್ರ ಬದಲಾಯಿತು.

ಬೀಚಿನ ಪೊಲೀಸರು ಓಡಿ ಬಂದರು. ಅಂಬವ್ವ ಅವರ ಮುಂದೆ ತನ್ನ ಮೊಬೈಲ್ ಹಿಡಿದಳು. ಹಳದಿ ಗೋಡೆಯ ಫೋಟೋ. ಮುಂದೆ ನಾವಿಬ್ಬರೂ ನಗುತ್ತಿದ್ದೆವು. ಹಿಂದಿನ ಕಿಟಕಿಯ ಗಾಜಿನಲ್ಲಿ ನಮ್ಮ ಬೆನ್ನು ಕಾಣುತ್ತಿತ್ತು. ಅವನ ಕೈ, ಕೈಯಲ್ಲಿ ಚಾಕು.

"ಅವ್ವಾರ, ಇದನ್ನ ಆಗಽ ನೋಡಿದ್ರೇನು?" ಕೇಳಿದೆ.

"ನೋಡಿದೆ. ಒದರಿದ್ರ, ಪೊಲೀಸರನ್ನ ಕರದ್ರ ಅಲ್ಲೇ ಚುಚ್ಚತಿದ್ದ. ಅದಕ್ಕ ಗುಂಪಿನವ್ರಿಗೂ ಹೇಳ್ಲಿಲ್ಲ. ಗುಂಪು ಕಟಗೊಂಡು, ಆಟೋ ಮಾಡಕೊಂಡು ನಿಮ್ಮ ಬೆನ್ನ ಹಿಂದಽ ಅಡ್ಡಾಡೀನಿ. ತ್ವಾಟದಾಗ ತಪ್ಪಿಸಿಕೊಂಡ್ರಿ. ಎಲ್ಲಿ ಹೋದ್ರೂ ದೋಣಿಗೆ ಈ ದಾರೀಲೇ ಬರಬೇಕಲ್ಲ ಅಂತ ಇಲ್ಲೆ ಕುಂತೆ." ತನ್ನ ಟೋಪಿ ತೆಗೆದು ನನ್ನ ಗಾಯದ ಮೇಲೆ ಒತ್ತಿ ಹಿಡಿದಳು. "ಘಾಟು ಎಲ್ಲಿಂದ ಬರಾಕತ್ತೈತಿ ಅಂತ ಮೆಣಸಿನಕಾಯಿ ಮಾರಾಕಿಗೆ ಗೊತ್ತಾಗೂದಿಲ್ಲೇನು?"

"ನೀವು ಇಲ್ಲೇ ಉಳೀತೀರಾ?"

"ಛೆ. ಇವತ್ತು ಹಡಗಿನ್ಯಾಗ ಮ್ಯಾಜಿಕ್ ಶೋ ಐತಿ."

ನಾಲ್ಕೂವರೆಗೆ ಕಡೆಯ ದೋಣಿ ಹೋಯಿತು. ಐದಕ್ಕೆ ಹಡಗು ಕೂಗಿತು. ಲೆಕ್ಕದಲ್ಲಿ ಇಬ್ಬರು ಕಡಿಮೆ. ಒಬ್ಬಳು ಆಸ್ಪತ್ರೆಯಲ್ಲಿ ಹದಿನೇಳು ಹೊಲಿಗೆ ಹಾಕಿಸಿಕೊಳ್ಳುತ್ತಿದ್ದಳು. ಇನ್ನೊಬ್ಬ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಒದ್ದೆ ಪ್ಯಾಂಟಿನಲ್ಲಿ ಕುಳಿತಿದ್ದ. ಅವನ ಫೋನಿನಲ್ಲಿ ನಾನು ಅನುರಾಧಾಗೆ ಕಳಿಸಿದ ಲೊಕೇಶನ್ ಇತ್ತು. ನಾನು ಕಳಿಸಿದ ಎರಡೇ ನಿಮಿಷಕ್ಕೆ ಅವಳು ಅವನಿಗೆ ದಾಟಿಸಿದ್ದಳು. ಓಣಿ ಹುಡುಕುವುದರಲ್ಲಿ ಅವನಿಗೆ ತಡವಾಗಿತ್ತು.

ಶರಣಕುಮಾರ ಮೂರನೆಯ ದಿನ ವಕೀಲೆ ವತ್ಸಲಾ ಜೊತೆ ಹೈದರಾಬಾದಿನ ಕೋರ್ಟಿನಲ್ಲಿ ನಿಂತು, ತಾನು ಬದುಕಿದ್ದೇನೆ ಎಂದು ಹೇಳಿದ.

ಬದುಕಿದ್ದಾನೆ ಎಂದು ಖಾತ್ರಿಯಾದ ಕೂಡಲೇ ಅವನನ್ನು ಬಂಧಿಸಿದರು.

ಅದೇ ಕಾನೂನು. ಸತ್ತ ಆರೋಪಿಯ ಕೇಸು ಮುಚ್ಚುತ್ತದೆ, ಬದುಕಿದ ಆರೋಪಿಯದು ತೆರೆಯುತ್ತದೆ. ಹನ್ನೊಂದು ದಿನ ಚಂಚಲಗೂಡದ ಜೈಲಿನಲ್ಲಿದ್ದ. ತಂಗಿ ಆಲ್ಬಂ ತಂದಳು. ಅಳುವ ಕೂಸು, ಅರ್ಧ ಬೋಳಾದ ತಲೆ, ಕೆಳಗೆ ತುಂಡು ಹುಬ್ಬಿನ ಸೋದರಮಾವ. ಫೋಟೋಗ್ರಾಫರ್ ತನ್ನ ಕಂಪ್ಯೂಟರ್ ತಂದ. ತಾರೀಕು, ಗಂಟೆ, ನಿಮಿಷ ಎಲ್ಲ ಅದರಲ್ಲಿತ್ತು. ಅವನನ್ನು ಬಿಟ್ಟರು. ಹೆಣದ ವಿಷಯದಲ್ಲಿ ಸುಳ್ಳು ಹೇಳಿದ್ದಕ್ಕೆ ಮಾನಸಾ ಮೇಲೆ ಒಂದು ಕೇಸಿದೆ, ನಡೆಯುತ್ತಿದೆ. ಅವಳು ಬಳೆ ತೊಟ್ಟುಕೊಂಡೇ ವಾಯಿದೆಗೆ ಹೋಗುತ್ತಾಳೆ.

ಅನುರಾಧಾ ಮೊದಲ ದಿನವೇ ಬಾಯಿ ಬಿಟ್ಟಳು. ನನ್ನ ಆಫೀಸಿನಲ್ಲಿ ಅತ್ತಳಲ್ಲ, ಠಾಣೆಯಲ್ಲಿ ಅದಕ್ಕಿಂತ ಚೆನ್ನಾಗಿ ಅತ್ತಳಂತೆ. ಮ್ಯಾನೇಜರ್ ಒಳಗಾದ. ಕೌಸ್ತುಭನನ್ನೂ ಹಿಡಿದರು. ಎಂಟು ದಿನಕ್ಕೆ ಜಾಮೀನು ಸಿಕ್ಕಿತು.

ಕಳೆದ ತಿಂಗಳು ವಿಚಾರಣೆ ಶುರುವಾಯಿತು. ಯಾದಮ್ಮನ ಮಗಳು ಮುಂದಿನ ಸಾಲಿನಲ್ಲಿ ಬಂದು ಕುಳಿತಿದ್ದಳು. ತಾಯಿಯದೇ ಕೆಲಸ ಮಾಡುತ್ತಾಳೆ. ಬೆಳಗಿನ ಪಾಳಿ ಮುಗಿಸಿ ಹಾಗೆಯೇ ಬಂದಿದ್ದಳು. ಕೌಸ್ತುಭನ ವಕೀಲರು ಎದ್ದು ನಿಂತು, ಶರಣಕುಮಾರ ನಿರಪರಾಧಿ ಎಂಬುದನ್ನು ತಾವು ಸಂತೋಷದಿಂದ ಒಪ್ಪುವುದಾಗಿ ಹೇಳಿದರು. ಆದರೆ ತಮ್ಮ ಕಕ್ಷಿದಾರರೂ ಕಾರು ಓಡಿಸುತ್ತಿರಲಿಲ್ಲ. ಓಡಿಸುತ್ತಿದ್ದವನ ಮನಸ್ಸಾಕ್ಷಿ ಈಗ ಎಚ್ಚೆತ್ತಿದೆ, ಅವನೇ ಸ್ವಯಂಪ್ರೇರಣೆಯಿಂದ ಬಂದಿದ್ದಾನೆ ಎಂದರು.

ಊಟದ ಬಿಡುವಿನಲ್ಲಿ ಅವನನ್ನು ಕಾರಿಡಾರಿನಲ್ಲಿ ನೋಡಿದೆ. ಇಪ್ಪತ್ತಾರರ ಹುಡುಗ. ಯಾದಗಿರಿ ಕಡೆಯವನು. ಬಿಲ್ಡರನ ಹೊಸ ಡ್ರೈವರ್. ಮಡಿಕೆ ಬಿಚ್ಚದ ಹೊಸ ಅಂಗಿ. ಯಾರೋ ಕೊಡಿಸಿದ ಚಹಾ ಹಿಡಿದು ಗೋಡೆಗೆ ಒರಗಿ ನಿಂತಿದ್ದ. ಏನು ಹೇಳಬೇಕೆಂದು ತುಟಿಯೊಳಗೆ ಉರು ಹೊಡೆಯುತ್ತಿದ್ದ.

ಅವನ ಪಕ್ಕದಲ್ಲಿ ಹೋಗಿ ನಿಂತೆ.

"ತಮ್ಮಾ," ಅಂದೆ, "ಇವರ ಮೊದಲಿನ ಡ್ರೈವರ್ ಕಡಲ ಪಾಲಾಗಿದ್ದ. ನಿನಗ ಈಸಾಕ ಬರ್ತೈತೇನು?"